ಬೆನ್ನ ಮೇಲಿನ ಕಾಲು

ಬೆನ್ನುನೋವು ಇರುವುದು ಬೆನ್ನಿನಲ್ಲಲ್ಲ ಎಂದು ನಾನು ಹೇಳಿದರೆ ನಮ್ಮ ಓಣಿಯ ಜನ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಓದಿದ ಹೆಣ್ಣುಮಗಳು, ಏನೋ ಹೇಳುತ್ತಾಳೆ ಎಂಬ ಕನಿಕರ. ನಮ್ಮನೆಯವರು ಮಾತ್ರ ಸುಮ್ಮನಾಗುವವರಾಗಿರಲಿಲ್ಲ. ಹಾಗಿದ್ದರೆ ನನ್ನ ಬೆನ್ನು ನೀನು ಇಟ್ಟುಕೋ, ನಿನ್ನ ತಲೆ ನನಗೆ ಕೊಡು ಎನ್ನುತ್ತಿದ್ದರು. ಬಸವಂತ ಎಂದು ಅವರ ಹೆಸರು. ಧಾರವಾಡದ ಲೈನ್ ಬಜಾರಿನಲ್ಲಿ ಹೊಲಿಗೆ ಅಂಗಡಿ. ಮೀಸೆ ಮೂಡುವ ಮೊದಲಿನಿಂದ ಮಷಿನ್ನಿನ ಮೇಲೆ ಬಗ್ಗಿ ಕೂತ ಬೆನ್ನು ಅದು. ನಾನು ಅದೇ ಊರಿನ ನೋವು ಅಧ್ಯಯನ ಕೇಂದ್ರದಲ್ಲಿ ಸಂಶೋಧಕಿ. ಊರಿಗೆಲ್ಲ ನೋವಿನ ಪಾಠ ಹೇಳುವ ಶಶಿಕಲಾಳ ಗಂಡ ಬೆಳಗ್ಗೆ ಗೋಡೆ ಹಿಡಿದು ಏಳುತ್ತಾನೆ, ದೀಪದ ಕೆಳಗೆ ಕತ್ತಲೆ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವಂತೆಯೇ ಇತ್ತು.

ಆದರೆ ನಾನು ಹೇಳುತ್ತಿದ್ದುದು ಸುಳ್ಳಲ್ಲ. ಕೇಂದ್ರಕ್ಕೆ ಬಂದ ಕೆಲವರ ಸ್ಕ್ಯಾನ್ ನೋಡಿದರೆ ಈ ಮನುಷ್ಯ ನಡೆದುಕೊಂಡು ಬಂದದ್ದಾದರೂ ಹೇಗೆ ಅನ್ನಿಸುತ್ತಿತ್ತು. ಅವರಿಗೆ ನೋವೇ ಇರುತ್ತಿರಲಿಲ್ಲ. ಇನ್ನು ಕೆಲವರ ಬೆನ್ನೆಲುಬು ಪಾಠದ ಪುಸ್ತಕದ ಚಿತ್ರದ ಹಾಗಿರುತ್ತಿತ್ತು, ಅವರಿಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ನೋವು ಗಾಯದ ಅಳತೆಯಲ್ಲ, ಮಿದುಳು ಹಾಕುವ ಕೂಗು. ಒಮ್ಮೆ ಪೆಟ್ಟು ತಿಂದ ಬೆನ್ನಿನ ವಿಷಯದಲ್ಲಿ ಅದಕ್ಕೆ ಅಂಜಿಕೆ ಹೊಕ್ಕಿರುತ್ತದೆ. ಗಾಯ ಮಾಯ್ದು ಹೋದ ಮೇಲೂ ಹಗ್ಗ ಕಂಡಲ್ಲೆಲ್ಲ ಹಾವು ಎಂದು ಕೂಗುತ್ತದೆ. ಆ ಕೂಗಿಗೆ ಬೆನ್ನು ಬಿಗಿಯುತ್ತದೆ, ಬಿಗಿದದ್ದಕ್ಕೇ ಮತ್ತೆ ನೋಯುತ್ತದೆ. ದಿನವೂ ಮೆಲ್ಲಗೆ ನಡೆದು, ಬಗ್ಗಿ, ಎದ್ದು, ಏನೂ ಆಗುವುದಿಲ್ಲ ಎಂದು ಅದಕ್ಕೆ ತೋರಿಸಿಕೊಡಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಷ್ಟು ತಾಳ್ಮೆ ನಮ್ಮನೆಯವರಿಗೇ ಇರಲಿಲ್ಲ, ಊರಿನವರಿಗೆ ಎಲ್ಲಿಂದ ಬರಬೇಕು?

ಏನೂ ಆಗಿಲ್ಲ ಎಂಬ ಮಾತನ್ನು ಚರ್ಮದ ಮೂಲಕವೇ, ಮಿದುಳು ನಂಬುವ ರೀತಿಯಲ್ಲಿ ಹೇಳಿಬಿಟ್ಟರೆ ಹೇಗೆ? ಈ ಪ್ರಶ್ನೆ ನಮ್ಮ ಯಂತ್ರ ವಿಭಾಗದ ಭರತೇಶ ಉಪಾಧ್ಯೆಗೆ ಹೊಳೆದದ್ದು ಅವನ ಟೊಂಕವೇ ಹಿಡಿದುಕೊಂಡಾಗ. ನಮ್ಮ ಕಡೆ ಟೊಂಕ ಹಿಡಿದರೆ ಜನ ಡಾಕ್ಟರಿಗಿಂತ ಮೊದಲು ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕುತ್ತಾರೆ. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲು ಬಂದವರ ಪಾದದಲ್ಲಿ ಗುಣವಿರುತ್ತದೆ ಎಂಬ ನಂಬಿಕೆ. ನೋವಿದ್ದವರು ಬೋರಲು ಮಲಗಬೇಕು, ಅವರು ಬೆನ್ನ ಮೇಲೆ ಹಗುರಾಗಿ ಕಾಲಿಟ್ಟು ತುಳಿಯಬೇಕು. ಬೆಟಗೇರಿಯಲ್ಲಿ ಖಾನಾವಳಿ ನಡೆಸುವ ಸಾವಂತ್ರವ್ವ ಅಂಥವಳು. ರೊಟ್ಟಿಯ ಹಂಚು ಕಾಯುವುದರೊಳಗೆ ಅವಳ ಪಡಸಾಲೆಯಲ್ಲಿ ಜನ ಸಾಲಾಗಿ ಬೋರಲು ಮಲಗಿರುತ್ತಿದ್ದರು. ಭರತೇಶನ ತಾಯಿ ಅವನನ್ನು ಎಳೆದುಕೊಂಡು ಹೋಗಿ ಆ ಸಾಲಿನಲ್ಲಿ ಮಲಗಿಸಿದಳು. ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಬಿದ್ದು ಹೋದವನು ಬರುವಾಗ ತಾನೇ ಕಾರು ಹೊಡೆದುಕೊಂಡು ಬಂದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವನು ಮತ್ತೆ ಆಡಲಿಲ್ಲ.

ಪವಾಡವಲ್ಲ ಎಂಬುದು ನನಗೂ ಭರತೇಶನಿಗೂ ಗೊತ್ತಿತ್ತು. ಮನೆಮಂದಿಯೆಲ್ಲ ನಂಬಿದ ಪಾದವೊಂದು ಬೆನ್ನ ಮೇಲೆ ಬಂದಾಗ ಮಿದುಳು ತನ್ನ ಕೂಗು ನಿಲ್ಲಿಸುತ್ತದೆ, ಅಷ್ಟೇ. ನಮಗೆ ಬೇಕಾದದ್ದೂ ಅಷ್ಟೇ. ಸಾವಂತ್ರವ್ವನನ್ನು ಕೇಂದ್ರಕ್ಕೆ ಕರೆಸಿ, ನೂರಾರು ಜನರ ಬೆನ್ನಿಗೆ ತೆಳ್ಳನೆಯ ಹಾಳೆ ಹೊದಿಸಿ, ಅವಳ ಪಾದದ ಒತ್ತಡವನ್ನೂ ಆ ಹೊತ್ತಿಗೆ ಮಿದುಳಿನಲ್ಲಿ ಏಳುವ ಅಲೆಗಳನ್ನೂ ದಾಖಲು ಮಾಡಿಕೊಂಡೆವು. ಅದರಿಂದ ಹುಟ್ಟಿದ್ದು ಪಟ್ಟಿ. ಕೊರಳ ಕೆಳಗಿನಿಂದ ಟೊಂಕದವರೆಗೆ ಅಂಟಿಕೊಳ್ಳುವ, ಸೀರೆಯ ಅಂಚಿನಷ್ಟು ಅಗಲದ ಮೆತ್ತನೆಯ ಬಟ್ಟೆ. ಅದರೊಳಗೆ ಸಾಸಿವೆಗಿಂತ ಸಣ್ಣ ಮೊನೆಗಳು. ಬೆನ್ನು ಬಿಗಿಯತೊಡಗಿದ ಕೂಡಲೇ ಅವು ಚರ್ಮಕ್ಕೆ ಹಗುರವಾದ ವಿದ್ಯುತ್ ಸ್ಪರ್ಶ ಕೊಡುತ್ತವೆ. ಮಿದುಳಿನ ಲೆಕ್ಕದಲ್ಲಿ ಅದು ಪಾದ. ಜೊತೆಗೆ ಪಟ್ಟಿ ಕಲಿಯುತ್ತಿತ್ತು. ಯಾವ ಬೆನ್ನು ಎಂಥ ಕಾಲಿಗೆ ಬೇಗ ಸಡಿಲಾಗುತ್ತದೆ ಎಂದು ನೋಡಿ, ದಿನದಿನಕ್ಕೆ ಆ ಕಾಲನ್ನು ಆ ಬೆನ್ನಿಗೆ ತಕ್ಕಂತೆ ತಿದ್ದಿಕೊಳ್ಳುತ್ತಿತ್ತು. ಇದು ಅದರ ದೊಡ್ಡ ಗುಣ ಎಂದು ನಾವು ಹೋದಲ್ಲೆಲ್ಲ ಭಾಷಣ ಮಾಡಿದೆವು.

ಮೊದಲ ವರ್ಷ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಬಸ್ ಡ್ರೈವರುಗಳು ಹಾಕಿಕೊಂಡರು, ಮದುವೆ ಅಡುಗೆಯವರು ಹಾಕಿಕೊಂಡರು, ಹೆಸರಾಂತ ಡಾಕ್ಟರೂ ಕೋಟಿನ ಒಳಗೆ ಹಾಕಿಕೊಂಡು ಯಾರಿಗೂ ಹೇಳದೆ ಓಡಾಡಿದರು. "ಕಾಲು ಬಂತು" ಎಂಬುದು ಊರಿನ ಮಾತಾಯಿತು. ಮಾತಿನ ನಡುವೆ ಯಾರಾದರೂ ಅರೆಗಳಿಗೆ ನಿಂತು, ಕಣ್ಣು ಮುಚ್ಚಿ, ಎದೆ ಮುಂದೆ ಮಾಡಿದರೆ ಎದುರಿನವರು ಸುಮ್ಮನೆ ಕಾಯುತ್ತಿದ್ದರು. ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ದೊಡ್ಡ ನಕ್ಷೆ. ಒಂದೊಂದು ಪಟ್ಟಿಗೆ ಒಂದೊಂದು ದೀಪ. ಕಾಲು ಬಿದ್ದಾಗ ಹೊತ್ತಿಕೊಂಡು, ಎತ್ತಿದಾಗ ಆರುತ್ತಿತ್ತು. ಧಾರವಾಡ, ಹುಬ್ಬಳ್ಳಿ, ಗದಗು ಮಿನುಗುವುದನ್ನು ನೋಡುತ್ತ ನಾನು ಮಧ್ಯಾಹ್ನದ ಡಬ್ಬಿ ಉಣ್ಣುತ್ತಿದ್ದೆ. ನಮ್ಮನೆಯವರೂ ಪಟ್ಟಿ ಹಾಕಿಕೊಂಡು ಗೋಡೆ ಬಿಟ್ಟು ಎದ್ದರು. ಅಂಗಡಿಯಲ್ಲಿ ಹಾಡು ಗುನುಗತೊಡಗಿದರು. ನಾನು ಅಷ್ಟು ಸುಖಪಟ್ಟ ದಿನಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಬದಲಾವಣೆಯನ್ನು ನಾನು ಮೊದಲು ಕಂಡದ್ದು ಕೇಂದ್ರದಲ್ಲಲ್ಲ, ಸಿಟಿ ಬಸ್ಸಿನಲ್ಲಿ. ಸೀಟಿನಲ್ಲಿ ಕೂತವರು ಯಾರೂ ಒರಗಿರಲಿಲ್ಲ. ಎಲ್ಲರೂ ಬೆನ್ನಿನ ಹಿಂದೆ ಒಂದು ಗೇಣು ಜಾಗ ಬಿಟ್ಟು ಮುಂದೆ ಸರಿದು ಕೂತಿದ್ದರು. ಸೀಟಿನ ಹಿಂಬದಿಗೂ ಅವರಿಗೂ ನಡುವೆ ಇನ್ನೊಬ್ಬರು ಕೂತಿದ್ದಾರೆ ಎನ್ನುವ ಹಾಗೆ. ಹೊಸ ಫ್ಯಾಷನ್ ಎಂದುಕೊಂಡು ಇಳಿದೆ. ಸಂಜೆ ಮನೆಗೆ ಬಂದರೆ ನಮ್ಮನೆಯವರು ಬಾಗಿಲು ದಾಟುವಾಗ ತಲೆ ತಗ್ಗಿಸಿದರು. ನಮ್ಮ ಬಾಗಿಲು ಅವರಿಗಿಂತ ಎರಡು ಗೇಣು ಎತ್ತರ. ಯಾಕೆ ಎಂದು ಕೇಳಿದೆ. ಮೇಲೆ ಬಡಿಯಬಾರದಲ್ಲ ಎಂದರು. ಏನು ಬಡಿಯಬಾರದು ಎಂದರೆ ಅವರಿಗೂ ತಿಳಿಯಲಿಲ್ಲ, ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಆ ವಾರವೇ ನಕ್ಷೆಯ ಮೇಲಿನ ದೀಪಗಳು ಮಿನುಗುವುದನ್ನು ನಿಲ್ಲಿಸಿದವು. ಹೊತ್ತಿಕೊಂಡದ್ದು ಹೊತ್ತಿಕೊಂಡೇ ಉಳಿಯಿತು. ಮೊದಲು ನವಲಗುಂದದ ಕಡೆ ಒಂದಷ್ಟು, ಆಮೇಲೆ ಹುಬ್ಬಳ್ಳಿಯ ಓಣಿಗಳು ಒಂದೊಂದಾಗಿ. ಯಂತ್ರದ ದೋಷ ಎಂದುಕೊಂಡು ಭರತೇಶ ಎಲ್ಲ ಪಟ್ಟಿಗಳನ್ನೂ ಇಲ್ಲಿಂದಲೇ ಆರಿಸಿಬಿಟ್ಟ. ಗೋಡೆ ಕಪ್ಪಾಯಿತು. ಆ ಸಂಜೆಯಿಂದಲೇ ಫೋನುಗಳು ಬರತೊಡಗಿದವು, ಎಲ್ಲರದೂ ಒಂದೇ ಮಾತು. ಪಟ್ಟಿ ಬಿಚ್ಚಿದ್ದೇವೆ, ಸ್ನಾನ ಮಾಡಿದ್ದೇವೆ, ಕಾಲು ಇಳಿದಿಲ್ಲ. ನೋವಿದೆಯೇ ಎಂದು ಕೇಳಿದರೆ ಇಲ್ಲ. ನೋವು ಎಳ್ಳಷ್ಟೂ ಇಲ್ಲ, ಬೆನ್ನ ಮೇಲೆ ಯಾರೋ ನಿಂತಿದ್ದಾರೆ ಅಷ್ಟೇ.

ನಿಂತವರ ಭಾರ ದಿನಕ್ಕಿಷ್ಟು ಏರುತ್ತ ಹೋಯಿತು. ಅಂಗಡಿಯವರು ಕುರ್ಚಿ ಬಿಟ್ಟು ನೆಲಕ್ಕೆ ಬಂದರು. ಆಮೇಲೆ ಕೂತಿದ್ದವರೂ ಮಲಗಿದರು, ಎಲ್ಲರೂ ಬೋರಲು. ಓಣಿಯಲ್ಲಿ ನಡೆದು ಹೋದರೆ ತೆರೆದ ಬಾಗಿಲುಗಳ ಒಳಗೆ ಪಡಸಾಲೆಯ ನೆಲದ ಮೇಲೆ ಬೆನ್ನುಗಳು ಕಾಣುತ್ತಿದ್ದವು. ಅವರು ನರಳುತ್ತಿರಲಿಲ್ಲ, ಕೆನ್ನೆ ನೆಲಕ್ಕಿಟ್ಟು ಮೆಲ್ಲಗೆ ಮಾತಾಡುತ್ತಿದ್ದರು. ಮನೆಯ ಮಕ್ಕಳು ಅವರನ್ನು ದಾಟುವಾಗ ಬೆನ್ನಿನಿಂದ ಮೊಳದಷ್ಟು ದೂರ ಸುತ್ತಿಕೊಂಡು ಹೋಗುತ್ತಿದ್ದವು. ಹಾಗೆ ಮಾಡಿರೆಂದು ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನವಲಗುಂದದ ಒಬ್ಬ ಶಾಲಾ ಮಾಸ್ತರರು ಹೀಗೆ ಮಲಗಿದ್ದಲ್ಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ತೀರಿಕೊಂಡರು. ನಮ್ಮನೆಯವರು ಮಲಗಿ ಅಷ್ಟೊತ್ತಿಗೆ ಹನ್ನೊಂದು ದಿನವಾಗಿತ್ತು.

ಭರತೇಶನನ್ನು ಕರೆದುಕೊಂಡು ಬೆಟಗೇರಿಗೆ ಹೋದೆ. ಸಾವಂತ್ರವ್ವನ ಪಡಸಾಲೆ ಮೊದಲಿನ ಹಾಗೇ ಇತ್ತು. ಪಟ್ಟಿ ಕೊಳ್ಳಲಾಗದವರು ಇನ್ನೂ ಅವಳ ಹತ್ತಿರವೇ ಬರುತ್ತಿದ್ದರು, ತುಳಿಸಿಕೊಂಡು ಎದ್ದು ಬಟ್ಟೆ ಕೊಡವಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಅವರಲ್ಲಿ ಒಬ್ಬರ ಮೇಲೂ ಕಾಲು ಉಳಿದಿರಲಿಲ್ಲ. ನಾವು ಗೋಡೆಗೆ ನಿಂತು ನೋಡಿದೆವು. ಅವಳು ಒಬ್ಬ ಹಣ್ಣಿನ ವ್ಯಾಪಾರಿಯ ಬೆನ್ನ ಮೇಲೆ ಕಾಲಿಟ್ಟಳು, ತುಳಿದಳು, ಎತ್ತಿದಳು. ಆಮೇಲೆ ಬಗ್ಗಿ, ಬೆರಳ ತುದಿಯಿಂದ ಅವನ ಬೆನ್ನು ಮುಟ್ಟಿ, ಆ ಬೆರಳುಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ನಮ್ಮಲ್ಲಿ ಯಾರ ಕಾಲು ಯಾರಿಗೆ ತಾಗಿದರೂ ಮಾಡುವುದು ಅದನ್ನೇ. ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ತಪ್ಪಾಯಿತು ಎಂದು. ಬಸ್ಸಿನಲ್ಲಿ ಅಪರಿಚಿತರಿಗೂ ಮಾಡುತ್ತೇವೆ, ಕಾಲು ತಾಗಿದ ಪುಸ್ತಕಕ್ಕೂ ಮಾಡುತ್ತೇವೆ.

ಭರತೇಶ ನನ್ನ ಮೊಣಕೈ ಹಿಡಿದುಕೊಂಡ. "ಅದನ್ನ ನಾ ಕತ್ತರಿಸಿ ಒಗದೇನ್ರಿ ಅಕ್ಕಾರ" ಎಂದ.

ದಾಖಲು ಮಾಡಿಕೊಂಡ ಪ್ರತಿ ಬೆನ್ನಿನ ಕೊನೆಯಲ್ಲೂ ಆ ಬೆರಳುಗಳಿದ್ದವು. ಚಿಕಿತ್ಸೆ ಮುಗಿಯಿತು, ಇದು ನಮಸ್ಕಾರ ಎಂದುಕೊಂಡು ಅವನು ಅಷ್ಟನ್ನೂ ತೆಗೆದುಹಾಕಿದ್ದ. ನಾನೂ ನೋಡಿದ್ದೆ, ಕೇಂದ್ರದವರೆಲ್ಲ ನೋಡಿದ್ದರು. ಯಾರ ಗಮನಕ್ಕೂ ಅದು ಬಂದಿರಲಿಲ್ಲ, ಯಾಕೆಂದರೆ ನಾವೆಲ್ಲ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು. ಹೊರದೇಶದವನೊಬ್ಬ ನಮ್ಮ ಜೊತೆ ಇದ್ದಿದ್ದರೆ ಇದೇನು ಎಂದು ಕೇಳಿರುತ್ತಿದ್ದ.

ಸಾವಂತ್ರವ್ವನನ್ನು ಕೇಳಿದೆವು. ಬೆರಳಿನಲ್ಲಿ ಏನಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಹಿರಿಯರ ಮೈಗೆ ಕಾಲು ತಾಗಿಸಿ ಸುಮ್ಮನೆ ಹೋಗಲಿಕ್ಕಾಗುತ್ತದೆಯೇ ಎಂದು ನಮ್ಮನ್ನೇ ಕೇಳಿದಳು. ನಮಗೆ ಮಾತ್ರ ಅರ್ಥವಾಗಿತ್ತು. ಮೈಮೇಲೆ ಒಬ್ಬರು ಕಾಲಿಟ್ಟರೆ ಮಿದುಳು ಮೊದಲು ಸ್ತಬ್ಧವಾಗುತ್ತದೆ, ಕೂಗು ನಿಲ್ಲಿಸಿ ಕಾಯುತ್ತದೆ. ಬೆರಳು ಬಂದಾಗಲೇ ಅದಕ್ಕೆ ತಿಳಿಯುವುದು: ಮುಗಿಯಿತು, ಇಳಿದರು. ನಾವು ಊರಿನ ಇಷ್ಟೊಂದು ಬೆನ್ನುಗಳಿಗೆ ಕಾಲು ಕಳಿಸಿದ್ದೆವು, ಬೆರಳು ಕಳಿಸಿರಲಿಲ್ಲ. ಎಲ್ಲ ಮಿದುಳುಗಳೂ ಇನ್ನೂ ಕಾಯುತ್ತಿದ್ದವು.

ಹಳೆಯ ದಾಖಲೆಗಳಿಂದ ಬೆರಳುಗಳನ್ನು ಹುಡುಕಿ ಮತ್ತೆ ಪಟ್ಟಿಗೆ ಸೇರಿಸಿದೆವು. ಮೊದಲ ಪ್ರಯೋಗಕ್ಕೆ ಹುಬ್ಬಳ್ಳಿಯ ಒಬ್ಬ ಅಡುಗೆಯವಳನ್ನು ಸ್ಟ್ರೆಚರಿನ ಮೇಲೆ ಬೋರಲಾಗಿಯೇ ತಂದರು. ಪಟ್ಟಿ ಹಚ್ಚಿದೆವು, ಭರತೇಶ ಗುಂಡಿ ಒತ್ತಿದ. ಅವಳು ಒಂದು ದೊಡ್ಡ ಉಸಿರು ಬಿಟ್ಟು ಮಗ್ಗುಲಾದಳು, ಎದ್ದು ಕೂತಳು. ಕೇಂದ್ರದಲ್ಲಿ ಚಪ್ಪಾಳೆ. ಅವಳು ಮಾತ್ರ ಅಳುತ್ತಿದ್ದಳು. ನಮ್ಮ ಅತ್ತೆ ಇಳಿದರು ಎಂದಳು. ಅವಳ ಅತ್ತೆ ಸತ್ತು ಎಂಟು ವರ್ಷವಾಗಿತ್ತು.

ಎರಡನೆಯವನೂ ಹಾಗೆಯೇ ಒಂದು ಹೆಸರು ಹೇಳಿದ, ಮೂರನೆಯವನೂ. ಆಗ ನಮಗೆ ಪಟ್ಟಿಯ ದೊಡ್ಡ ಗುಣ ನೆನಪಾಯಿತು. ಆಯಾ ಬೆನ್ನಿಗೆ ತಕ್ಕಂತೆ ಅದು ಕಾಲನ್ನು ತಿದ್ದುತ್ತ ಹೋಗಿತ್ತು, ಮಿದುಳು ಆ ಕಾಲಿಗೆ ಒಡೆಯರನ್ನು ಹುಡುಕಿಕೊಂಡಿತ್ತು. ಮೈಮೇಲೆ ನಿಂತರೂ ಇಳಿ ಎನ್ನಲಾಗದಂಥವರು ಪ್ರತಿಯೊಬ್ಬರ ಬಾಳಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಮನೆಗೆ ಬಂದು ನಮ್ಮನೆಯವರ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ನಾಳೆ ಪಟ್ಟಿ ಹಚ್ಚುತ್ತೇನೆ, ಒಂದು ಗಳಿಗೆಯ ಕೆಲಸ, ಎದ್ದುಬಿಡುತ್ತೀರಿ ಎಂದೆ. ಅವರು ಕೆನ್ನೆ ನೆಲಕ್ಕಿಟ್ಟುಕೊಂಡೇ ಕೇಳಿದರು. ಉಸಿರು ಗಿಡ್ಡವಾಗಿತ್ತು, ತುಟಿಗಳು ಕಪ್ಪಿಟ್ಟಿದ್ದವು. ಬೇಡ ಎಂದರು.

ಯಾರ ಕಾಲು ಎಂದು ಕೇಳಿದೆ.

"ಅಪ್ಪಂದು" ಎಂದರು. "ನೋಡು ಬೇಕಾದ್ರ. ಮಷಿನ್ ತುಳೀತಾನ."

ಅಂಗಿ ಸರಿಸಿ ನೋಡಿದೆ. ಟೊಂಕದ ಮೇಲಿನ ಸ್ನಾಯುಗಳು ಒಂದು ಲಯದಲ್ಲಿ ಏರಿ ಇಳಿಯುತ್ತಿದ್ದವು. ಹಿಮ್ಮಡಿ ಒತ್ತಿದಾಗ ಕೆಳಗೆ, ಕಾಲ್ಬೆರಳು ಒತ್ತಿದಾಗ ಮೇಲೆ. ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಹಾಗೆಯೇ ಇತ್ತು. ಪಟ್ಟಿ ಮೈಮೇಲಿರಲಿಲ್ಲ. ಚರ್ಮ ತಂತಾನೆ ತಗ್ಗುತ್ತಿತ್ತು. ದರ್ಜಿಯೇ ಆಗಿದ್ದ ನನ್ನ ಮಾವ ತೀರಿಕೊಂಡದ್ದು ನಮ್ಮ ಮದುವೆಗೂ ಮೊದಲು, ಅವರನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಅಂದು ಅವರನ್ನೇ ಎದುರಿಗೆ ಕಂಡಷ್ಟು ಹೆದರಿಕೆಯಾಯಿತು.

ನಮ್ಮನೆಯವರು ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು. ಮಾವ ಕೆಟ್ಟವರೇನಲ್ಲ. ಹೊಡೆದವರಲ್ಲ, ಬೈದವರೂ ಅಲ್ಲ. ಆದರೆ ಮಗನನ್ನು ಪ್ರೀತಿಯಿಂದ ಮುಟ್ಟಿದವರೂ ಅಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಅಂಗಿ ಹೊಲಿಯಲು ಅಳತೆ ಹಿಡಿಯುವಾಗ ಟೇಪು ಭುಜದಿಂದ ಭುಜಕ್ಕೆ ಹೋಗುತ್ತಿತ್ತಂತೆ, ಆಗ ಎರಡು ಬೆರಳು ತಾಗುತ್ತಿದ್ದವಂತೆ. ಅಳತೆ ಬೇಗ ಮುಗಿಯಬಾರದೆಂದು ಇವರು ಉಸಿರು ಹಿಡಿದು ನಿಲ್ಲುತ್ತಿದ್ದರಂತೆ. ಇವರಿಗೆ ಹೊಲಿಗೆ ಕೈಹತ್ತಿದ ಮೇಲೆ ನಿನ್ನ ಅಳತೆ ನೀನೇ ಹಿಡಿದುಕೋ ಎಂದುಬಿಟ್ಟರಂತೆ.

"ಈಗ ಇಡೀ ದಿನ ಅದಾನ, ಶಶಿ" ಎಂದರು. "ಇರ್ಲಿ ಬಿಡು."

ನಾನು ಜಗಳವಾಡಿದೆ, ಅತ್ತು ಕರೆದೆ, ನವಲಗುಂದದ ಮಾಸ್ತರರ ಕಥೆ ಹೇಳಿದೆ. ಅದು ನಿಮ್ಮಪ್ಪ ಅಲ್ಲ, ಭರತೇಶನ ಮೊನೆಗಳು ಕಲಿಸಿದ ಚಾಳಿ, ನಿಮ್ಮ ಮಿದುಳೇ ಅದನ್ನು ಕಟ್ಟಿಕೊಂಡಿದೆ ಎಂದು ಬುದ್ಧಿ ಹೇಳಿದೆ. ಅದಕ್ಕೆ ಅವರು ಬಹಳ ಶಾಂತವಾಗಿ, ನೋವೂ ಬೆನ್ನಿನಲ್ಲಿಲ್ಲ ಮಿದುಳಿನಲ್ಲಿದೆ ಎಂದು ನೀನೇ ಹೇಳುತ್ತಿದ್ದೆಯಲ್ಲ, ಆಗ ಅದು ಖರೆ ಇತ್ತು, ಈಗ ಇದು ಸುಳ್ಳು ಹೇಗಾಗುತ್ತದೆ ಎಂದು ಕೇಳಿದರು.

ಮರುದಿನ ಬೆಳಗ್ಗೆ ಬಂದ ಡಾಕ್ಟರು ಅವರ ಕಾಲಿನ ಮೀನಖಂಡ ಒತ್ತಿ ನೋಡಿ ನನ್ನನ್ನು ಅಡುಗೆಮನೆಗೆ ಕರೆದರು. ಬಾವು ಶುರುವಾಗಿದೆ, ರಕ್ತ ತೆಳುವಾಗಲು ಕೊಟ್ಟ ಔಷಧಿ ಸಾಲುತ್ತಿಲ್ಲ, ಎದ್ದು ಓಡಾಡದಿದ್ದರೆ ಈ ವಾರ ದಾಟುವುದು ಕಷ್ಟ ಎಂದರು. ನಾನು ಸೀದಾ ಕೇಂದ್ರಕ್ಕೆ ಹೋದೆ. ಅಲ್ಲಿ ಬೆರಳುಗಳನ್ನು ಎಲ್ಲ ಪಟ್ಟಿಗಳಿಗೂ ಒಮ್ಮೆಲೇ ಕಳಿಸಲು ಸಿದ್ಧತೆ ನಡೆದಿತ್ತು. ಮನೆಮನೆಗೆ ಸೂಚನೆ ಹೋಗಿತ್ತು, ಮಧ್ಯಾಹ್ನ ಮೂರಕ್ಕೆ ಪಟ್ಟಿ ಹಚ್ಚಿಕೊಂಡಿರಬೇಕೆಂದು. ನಮ್ಮನೆಯವರ ಪಟ್ಟಿಯನ್ನೂ ಆ ಸಾಲಿಗೆ ಸೇರಿಸಿ ಮನೆಗೆ ಬಂದೆ. ನಾಡಿ ನೋಡುವುದಿದೆ, ಅದಕ್ಕಷ್ಟೇ ಹಚ್ಚುತ್ತಿದ್ದೇನೆ ಎಂದೆ. ನಾನು ಅವರಿಗೆ ಎಂದೂ ಸುಳ್ಳು ಹೇಳಿದವಳಲ್ಲವಾದ್ದರಿಂದ ನಂಬಿದರು. ಹಚ್ಚು ಎಂದು ಕಣ್ಣು ಮುಚ್ಚಿದರು. ಪಟ್ಟಿಯ ಕೆಳಗೆ ಮಾವನ ಕಾಲು ತುಳಿಯುತ್ತಲೇ ಇತ್ತು.

ಮೂರು ಗಂಟೆಗೆ ನಾನು ಅವರ ಬೆನ್ನನ್ನೇ ನೋಡುತ್ತ ಕೂತಿದ್ದೆ. ತುಳಿತ ನಿಂತಿತು. ಬೆನ್ನು ಒಮ್ಮೆ ಕಲ್ಲಿನ ಹಾಗೆ ಬಿಗಿಯಿತು. ಆಮೇಲೆ ಎರಡು ಭುಜಗಳ ನಡುವೆ, ಟೇಪು ಹಾಯುವ ಜಾಗದಲ್ಲಿ, ಪಟ್ಟಿಯ ಅಂಚಿನಾಚೆಯ ಚರ್ಮದ ಮೇಲೆ ಬೆರಳ ತುದಿ ಊರಿದಂಥ ಸಣ್ಣ ಸಣ್ಣ ಗುಳಿಗಳು ಕಾಣಿಸಿಕೊಂಡು ಮಾಯವಾದವು. ನಮ್ಮ ಓಣಿಯ ಮನೆಮನೆಗಳಿಂದ ಒಟ್ಟಿಗೆ ಒಂದು ನಿಟ್ಟುಸಿರು ಎದ್ದದ್ದು ಕಿಟಕಿಯಿಂದ ಕೇಳಿಸಿತು. ಅದರ ಹಿಂದೆಯೇ ಅಳು.

ನಮ್ಮನೆಯವರು ಕೈಯೂರಿ ಎದ್ದು ಕೂತರು. ತಿರುಗಿ ತಮ್ಮ ಹಿಂದಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ಅವರು ಬದುಕಿದರು ಎಂಬ ಸಂತೋಷಕ್ಕೆ ನಾನು ಅವರ ಕೈ ಹಿಡಿದುಕೊಂಡೆ. ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಅಪ್ಪ ನನಗ ನಮಸ್ಕಾರ ಮಾಡಿ ಹೋದ" ಎಂದರು. "ಮಗಗ ಅಪ್ಪ ಹಂಗ ಮಾಡಬಾರದು."

ಈಗ ಊರೆಲ್ಲ ಮೊದಲಿನಂತಾಗಿದೆ. ಬಸ್ಸಿನಲ್ಲಿ ಜನ ಒರಗಿ ಕೂರುತ್ತಾರೆ. ಪಟ್ಟಿಯನ್ನು ನಾವು ಹಿಂದಕ್ಕೆ ತರಿಸಿಕೊಂಡೆವು. ನಡೆಯಿರಿ, ಬಗ್ಗಿರಿ, ಅಂಜಬೇಡಿರಿ ಎಂಬ ಹಳೆಯ ಪಾಠವನ್ನೇ ಹೇಳುತ್ತೇನೆ. ನಿಧಾನವಾದರೂ ಅದರಿಂದ ಯಾರ ಮೈಮೇಲೂ ಯಾರೂ ಬರುವುದಿಲ್ಲ. ನಮ್ಮನೆಯವರಿಗೆ ನೋವಿಲ್ಲ. ಕೇಂದ್ರದ ಲೆಕ್ಕದಲ್ಲಿ ಪೂರ್ಣ ಗುಣವಾದವರಲ್ಲಿ ಅವರೂ ಒಬ್ಬರು. ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಸಂಜೆ ಕೈಕಾಲು ತೊಳೆದು, ಅಂಗಿ ತೆಗೆದು, ಪಡಸಾಲೆಯ ನೆಲದ ಮೇಲೆ ಬೋರಲು ಮಲಗುತ್ತಾರೆ. ಊಟಕ್ಕೆ ಕರೆದಾಗ ಏಳುತ್ತಾರೆ.

ಮೊನ್ನೆ ನನಗೆ ತಡೆಯಲಾಗಲಿಲ್ಲ. ಪಾತ್ರೆ ಕೆಳಗಿಟ್ಟು ಬಂದು, ಗೋಡೆ ಹಿಡಿದು, ಬಲಗಾಲನ್ನು ಅವರ ಬೆನ್ನ ಮೇಲೆ ಹಗುರಾಗಿ ಇಟ್ಟೆ. ಗಂಡನ ಮೈಮೇಲೆ ಕಾಲಿಟ್ಟದ್ದು ಅದೇ ಮೊದಲು. ಅವರು ಅಲುಗಲಿಲ್ಲ. ಅಳತೆಗೆ ನಿಂತವರ ಹಾಗೆ ಒಂದು ಗಳಿಗೆ ಉಸಿರು ಹಿಡಿದರು.

"ತೆಗಿ, ಶಶಿ" ಎಂದರು. "ಅದು ಅಪ್ಪನ ಜಾಗಾ."

ತೆಗೆದೆ. ಇನ್ನು ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಅರ್ಧ ಬಗ್ಗಿದವಳಿಗೆ ಕೈ ಮುಂದೆ ಹೋಗಲಿಲ್ಲ. ಮುಟ್ಟಿದರೆ ನಾನೂ ಮುಗಿಸಿ ಇಳಿದು ಹೋದೆ ಎಂದು ಆ ಬೆನ್ನು ತಿಳಿದುಕೊಳ್ಳುತ್ತದೆ ಎಂದು ಅಂಜಿಕೆಯಾಯಿತು. ಹಾಗೇ ಅಡುಗೆಮನೆಗೆ ಹೋಗಿ ಅವರಿಗೆ ಬಡಿಸಿದೆ.